ತದಮೂರಿನ ಕೀಲಿಕೈ

ನಮ್ಮ ದೊಡ್ಡವ್ವನ ಎಡಹೆಗಲು ಬಲಹೆಗಲಿಗಿಂತ ತುಸು ಕೆಳಗೆ ಜಗ್ಗಿತ್ತು. ಗೇಣುದ್ದದ ಕಬ್ಬಿಣದ ಕೀಲಿಕೈಯೊಂದನ್ನು ಆಕೆ ಅಲ್ಲಿ ಕುಪ್ಪಸಕ್ಕೆ ದೊಡ್ಡ ಪಿನ್ನು ಚುಚ್ಚಿ ನೇತುಹಾಕಿಕೊಂಡು, ಮೇಲೆ ಸೆರಗು ಹೊದೆಯುತ್ತಿದ್ದಳು. ಬಗ್ಗಿ ರೊಟ್ಟಿ ಬಡಿಯುವಾಗ ಅದು ತೂಗಾಡಿ ಎದೆಗೆ ತಾಗುತ್ತಿತ್ತು. ತಾಗಿ ತಾಗಿ ಅಲ್ಲಿಯ ತೊಗಲು ಕಪ್ಪಿಟ್ಟು ದಪ್ಪಗಾಗಿತ್ತು. ಯಲಬುರ್ಗಾದ ಹೆಂಗಸರೆಲ್ಲ ಕೀಲಿಕೈಯನ್ನು ಸೊಂಟಕ್ಕೆ ಸಿಗಿಸಿಕೊಂಡರೆ ಈಕೆಗೊಬ್ಬಳಿಗೆ ಹೆಗಲೇ ಬೇಕು. ಓಣಿಯವರು ನಕ್ಕರೆ, "ಸೊಂಟದ್ದು ಕಸಗೊಳ್ಳೂದು ಸಸಾರ ಐತವಾ" ಎನ್ನುತ್ತಿದ್ದಳು.

ಅದು ಆಕೆ ಅನುಭವಿಸಿದ ಮಾತು. ನಮ್ಮದು ಹತ್ತಿ ವ್ಯಾಪಾರದ ಮನೆ. ಅಪ್ಪನ ಅಣ್ಣ, ಎಂದರೆ ಈಕೆಯ ಗಂಡ, ಮಕ್ಕಳಿಲ್ಲದೆ ತೀರಿಕೊಂಡಾಗ ಹೆಣವನ್ನು ಇನ್ನೂ ಪಡಸಾಲೆಯಲ್ಲಿ ಕೂರಿಸಿದ್ದರು. ಅಷ್ಟರಲ್ಲೇ ನಮ್ಮ ಅಜ್ಜಿ ಸೊಸೆಯ ಸೊಂಟಕ್ಕೆ ಕೈಹಾಕಿ ಕೀಲಿಕೈ ಗೊಂಚಲನ್ನು ಕಿತ್ತಳಂತೆ. ಸೀರೆ ಹರಿಯಿತು, ಕೊಂಡಿ ಗೀರಿ ರಕ್ತ ಬಂತು. "ಗಂಡ ಹ್ವಾದ ಮ್ಯಾಲ ನಿನಗ್ಯಾಕ ಇದು?" ಎಂದಳಂತೆ ಅಜ್ಜಿ. ನನಗೆ ಇದನ್ನೆಲ್ಲ ಹೇಳಿದವಳು ನಮ್ಮವ್ವ, ಅದೂ ಅಜ್ಜಿ ಮನೆಯಲ್ಲಿ ಇಲ್ಲದಾಗ.

ದೊಡ್ಡವ್ವ ಮನೆ ಬಿಟ್ಟು ಗದಗಿಗೆ ಹೋದಳು. ಅಲ್ಲಿ ಒಬ್ಬ ಬಿಳಿಯ ಇಂಜಿನಿಯರನ ಮಕ್ಕಳನ್ನು ನೋಡಿಕೊಳ್ಳುವ ಆಯಾ ಆದಳು. ಬಸ್ರಾದ ಆಚೆಗಿನ ಮರಳುಗಾಡಿನಲ್ಲಿ ಎಣ್ಣೆಯ ಕೊಳವೆ ಹಾಕಿಸುವ ಕೆಲಸ ಸಿಕ್ಕಾಗ ಆತ ಈಕೆಯನ್ನೂ ಹಡಗಿನಲ್ಲಿ ಕರೆದುಕೊಂಡು ಹೋದ. ಮಕ್ಕಳು ಈಕೆಯನ್ನು ಬಿಟ್ಟಿರುತ್ತಿರಲಿಲ್ಲವಂತೆ. ನಮ್ಮ ಮನೆಯಲ್ಲಿ ಮಾತ್ರ ಈಕೆ ಸತ್ತಳೆಂದೇ ತಿಳಿದು ತಲೆಗೆ ನೀರು ಹಾಕಿಕೊಂಡಿದ್ದರು.

ಸತ್ತವಳು ಒಂದು ದಿನ ತಗಡಿನ ಟ್ರಂಕು ಹೊತ್ತು ಅಂಗಳಕ್ಕೆ ಬಂದು ನಿಂತಳು. ನಾನಾಗ ಸಾಲೆಗೆ ಹೋಗತೊಡಗಿದ್ದೆ. ಆಕೆ ನೀರು ಕೂಡ ಕೇಳಲಿಲ್ಲ. "ನನ್ನ ಗಂಡನ ಪಾಲಿನ ಖೋಲಿ ಕೀಲಿಕೈ ತರ್ರಿ" ಎಂದಳು.

"ಪರದೇಶಕ್ಕ ಹೋಗಿ ಮಾನ ಕಳಕೊಂಡು ಬಂದು ಪಾಲು ಕೇಳ್ತಿ?" ಎಂದು ಅಪ್ಪ ಕಪಾಳಕ್ಕೆ ಹೊಡೆದ. ದೊಡ್ಡವ್ವ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಒರಳಿನ ಹತ್ತಿರ ಇದ್ದ ಒನಕೆಯನ್ನು ಎತ್ತಿ ಬೀಸಿದಳು. ಜೋಳದ ದಂಟು ಮುರಿದಂಥ ಸಪ್ಪಳವಾಯಿತು. ಅಪ್ಪ ಹೆಗಲು ಹಿಡಿದು ಕುಸಿದ. ಅಜ್ಜಿ ಬಾಯಿ ಬಡಿದುಕೊಂಡಳು.

"ಇನ್ನೊಂದು ಹೆಗಲ ಐತಿ. ಕೀಲಿಕೈ ತರ್ರಿ."

ತಂದುಕೊಟ್ಟರು. ಮರುದಿನದಿಂದ ಅಪ್ಪನ ಮುರಿದ ಹೆಗಲಿಗೆ ಬಿಸಿ ಎಣ್ಣೆ ಹಚ್ಚಿ ಕಾಸಿದವಳೂ ಅವಳೇ. "ಹೊಡದಾಕಿನೂ ನಾನ, ಕಾಸಾಕಿನೂ ನಾನ. ಸುಮ್ಮನ ಕೂಡು" ಎಂದು ಗದರುತ್ತಿದ್ದಳು. ಅಪ್ಪ ಹಲ್ಲು ಕಚ್ಚಿ ಕೂಡುತ್ತಿದ್ದ. ಮೂಳೆ ಸೊಟ್ಟಗೇ ಕೂಡಿಕೊಂಡಿತು. ನನಗೆ ಅವಳೆಂದರೆ ಹೆದರಿಕೆ. ಆದರೂ ಆಕೆಯ ಬೆನ್ನು ಬಿಡುತ್ತಿರಲಿಲ್ಲ.

ಮಧ್ಯಾಹ್ನ ಹತ್ತಿ ಬಿಡಿಸುವಾಗ ಆಕೆ ತದಮೂರಿನ ಕತೆ ತೆಗೆಯುತ್ತಿದ್ದಳು. ಮರಳುಗಾಡಿನ ನಡುವೆ ಹಾಳುಬಿದ್ದ ಊರು ಅದು, ತದ್ಮೂರ್. ನಮ್ಮ ಬಾಯಲ್ಲಿ ಅದು ತದಮೂರು ಆಯಿತು. ಪಕ್ಕದ ಮನೆಯ ಹೆಂಗಸೊಬ್ಬಳು, "ಕುಷ್ಟಗಿ ತಾಲೂಕಿನ್ಯಾಗ ಬರತೈತೇನ್ರಿ ಅದು?" ಎಂದು ಕೇಳಿದ್ದಳು. "ಹೂಂ, ಕುಷ್ಟಗಿ ದಾಟಿ ಒಂದು ಸಮುದ್ರ ಹಾಯಬೇಕು" ಎಂದಳು ದೊಡ್ಡವ್ವ.

"ಇಡೀ ದಿನ ಮೋಟಾರಿನ್ಯಾಗ ಹೋದಿವಿ. ಒಂದು ಗಿಡ ಇಲ್ಲ, ಬರೇ ಉಸುಕು. ಸಂಜೀಮುಂದ ಕಂಬ ಕಂಡವು ನೋಡು. ಓಣಿ ತುಂಬ ಕಂಬ, ಮ್ಯಾಲ ಮಾಳಗಿ ಇಲ್ಲ. ಬಾಗಲಾ ಅದಾವ, ಗ್ವಾಡಿ ಇಲ್ಲ. ರೇಷ್ಮಿ, ಮೆಣಸು ಒಂಟಿ ಮ್ಯಾಲ ಬರತಿದ್ದುವಂತ. ನಮ್ಮಂಥ ಸಾವಕಾರ ಮಂದಿನ ಕಟ್ಟಿದ ಊರು. ಯಾವನೋ ರಾಜಾ ಬಂದ, ಸುಟ್ಟ, ಕಡದ. ಮುಗೀತು."

ಊರ ಹೊರಗೆ ಗೋರಿಗಳಿದ್ದುವಂತೆ, ನಮ್ಮ ಹಳ್ಳಿಗಳ ಕಾವಲು ಬುರುಜು ಹುಡೇವಿನ ಹಾಗೆ ಎತ್ತರಕ್ಕೆ ಕಟ್ಟಿದ ಗೋರಿಗಳು. ಒಳಗೆ ಸಾವಕಾರರ ಮನೆಯ ಹೆಂಗಸರ ಕಲ್ಲಿನ ಮೂರ್ತಿಗಳು. ಕಿವಿ ತುಂಬ ವಾಲೆ, ತಲೆಯ ಮೇಲೆ ಸೆರಗು. ಇಷ್ಟು ಹೇಳುವ ಹೊತ್ತಿಗೆ ದೊಡ್ಡವ್ವನ ಕೈ ಹತ್ತಿ ಬಿಡಿಸುವುದನ್ನು ನಿಲ್ಲಿಸಿರುತ್ತಿತ್ತು.

"ಒಬ್ಬಾಕಿ ಹೆಗಲ ಮ್ಯಾಲ ಪಿನ್ನು, ಪಿನ್ನಿಗೆ ಕೀಲಿಕೈ. ಯಾರೋ ಆಕಿ ಮೂಗು ಒಡದಾರ, ಬೆರಳು ಕಡದಾರ. ಕೀಲಿಕೈ ಮಾತ್ರ ಹಾಂಗ ಐತಿ. ಸತ್ತ ಮ್ಯಾಲೂ ಬಿಟ್ಟಿಲ್ಲ ನೋಡು, ಹಟಮಾರಿ! ನನ್ನ ಕೈ ನನ್ನ ಸೊಂಟಕ್ಕ ಹೋತು. ಅಲ್ಲಿ ಏನೂ ಇರಲಿಲ್ಲ. ಅಲ್ಲೇ ನಿಂತು ಅತ್ತುಬಿಟ್ಟೆ ನಾ. ನನಗ ದೆವ್ವ ಹಿಡೀತು ಅಂತ ತಿಳಕೊಂಡ್ಲು ಸಾಹೇಬನ ಹೇಂತಿ."

ಆ ಕೊಳವೆಯ ಕೆಲಸ ಮುಗಿದದ್ದೇ ಆಕೆ ಸೀದಾ ನಮ್ಮ ಅಂಗಳಕ್ಕೆ ಬಂದಿದ್ದಳು. ಟ್ರಂಕಿನಲ್ಲಿ ಹೆಚ್ಚೇನೂ ಇರಲಿಲ್ಲ. ಸಾಹೇಬನ ಕೂಸುಗಳ ಲಂಗೋಟಿಗೆ ಹಾಕುವ ದೊಡ್ಡ ಪಿನ್ನುಗಳಿದ್ದ ಡಬ್ಬಿಯೊಂದಿತ್ತು. ಆ ಪಿನ್ನೇ ಆಕೆಯ ಹೆಗಲಿನದು.

ನಿಜಾಮನ ಆಳ್ವಿಕೆಯ ಕಡೆಯ ತಿಂಗಳುಗಳು ಬಂದವು. ಬಂದೂಕು, ಬರ್ಚಿ ಹಿಡಿದ ಗುಂಪುಗಳು ಊರೂರಿಗೆ ನುಗ್ಗಿ ಸುಲಿಯುತ್ತಿದ್ದವು, ಹರೆಯದ ಹೆಣ್ಣುಮಕ್ಕಳನ್ನು ಎಳೆದೊಯ್ಯುತ್ತಿದ್ದವು. ಅಪ್ಪ, ಅಣ್ಣ ಇಬ್ಬರೂ ಗಡಿಯಾಚೆ ಗದಗ ಸೀಮೆಯಲ್ಲಿ ಇರಲು ಜಾಗ ನೋಡಿ ಬರುತ್ತೇವೆಂದು ಹೋಗಿದ್ದರು. ಅತ್ತಿಗೆ ಹಸಿಬಾಣಂತಿ, ಆಕೆಯನ್ನು ಬಂಡಿಯಲ್ಲಿ ಹಾಕುವಂತಿರಲಿಲ್ಲ. ಹೀಗಾಗಿ ನಾವು ಹೆಂಗಸರು ಉಳಿದೆವು. ನನಗಾಗ ಮದುವೆಯ ವಯಸ್ಸು.

ಮಟಮಟ ಮಧ್ಯಾಹ್ನ ಪೇಟೆಯ ಕಡೆಯಿಂದ ಕೂಗು ಎದ್ದಿತು. ದೊಡ್ಡವ್ವ ನಮ್ಮನ್ನು ತನ್ನ ಖೋಲಿಗೆ ದಬ್ಬಿದಳು: ಅಜ್ಜಿ, ಅವ್ವ, ಕೂಸನ್ನೆತ್ತಿಕೊಂಡ ಅತ್ತಿಗೆ, ನಾನು. ಅಜ್ಜಿ ಹೊಸ್ತಿಲಲ್ಲಿ ನಿಂತುಬಿಟ್ಟಳು.

"ಹೊರಗಿಂದ ಕೀಲಿ ಹಾಕ್ತಿಯೇನ? ನೀ ಸತ್ತರ ನಮ್ಮ ಗತಿ?"

"ನಾ ಸಾಯಂಗಿಲ್ಲ. ಒಳಗ ನಡೀರಿ."

ಕೀಲಿ ಬಿತ್ತು. ಆಮೇಲೆ ಬೀಸುಕಲ್ಲಿನ ಸದ್ದು ಕೇಳಿಸಿತು. ಏನೂ ಆಗದವಳಂತೆ ಆಕೆ ಪಡಸಾಲೆಯಲ್ಲಿ ಜೋಳ ಬೀಸುತ್ತ ಕೂತಿದ್ದಳು.

ಅವರು ಬಂದರು. ಪಾತ್ರೆ ಎಸೆದ ಸದ್ದು, ಬೂಟಿನ ಸದ್ದು. "ಈ ಖೋಲಿ ಚಾವಿ ಎಲ್ಲೈತಿ, ಮುದುಕಿ?"

"ನಾ ಗಂಡ ಸತ್ತ ರಂಡಿಮುಂಡಿ ಇದೀನ್ರಿ. ರಂಡಿ ಕೈಯಾಗ ಯಾರರ ಕೀಲಿಕೈ ಕೊಡತಾರೇನ್ರಿ? ಮಾಲಕ್ರು ಒಯ್ದಾರ."

ಅವಳ ಸೊಂಟ ತಡಕಿದರು. ಕೀಲಿಕೈ ಇರುವ ಜಾಗ ಯಾವುದೆಂದು ಅವರಿಗೂ ಗೊತ್ತು, ಅವರೂ ಈ ಸೀಮೆಯ ಮನೆಗಳಲ್ಲೇ ಹುಟ್ಟಿ ಬೆಳೆದವರು. "ಅಡಿಕಿ ಸಂಚಿ ಐತ್ರಿ ಅದು" ಎಂಬ ಅವಳ ದನಿ ಕೇಳಿಸಿತು. ಬಳಿಕ ಬೀಸುಕಲ್ಲಿನ ಮೇಲಿದ್ದ ಬಲಗೈಯನ್ನು ಬಂದೂಕಿನ ಹಿಂಬದಿಯಿಂದ ಜಜ್ಜಿದರು. ಅವಳು ಚೀರಿದ ಚೀರು ಈಗಲೂ ನನ್ನ ಕಿವಿಯಲ್ಲಿದೆ. ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ ಉತ್ತರ, ಮತ್ತೆ ಪೆಟ್ಟು. ಅತ್ತಿಗೆ ಕೂಸಿನ ಬಾಯಿಗೆ ಮೊಲೆ ಒತ್ತಿ ಹಿಡಿದಿದ್ದಳು. ನಾನು ಸೆರಗನ್ನು ಬಾಯೊಳಗೆ ತುರುಕಿಕೊಂಡಿದ್ದೆ. ಅಜ್ಜಿ ಬಾಗಿಲಿಗೆ ಕಿವಿ ಹಚ್ಚಿ ಕೂತಿದ್ದಳು. ಹೊರಗೆ ಪೆಟ್ಟು ಬಿದ್ದಾಗಲೆಲ್ಲ ಅವಳ ಕೈ ತನ್ನದೇ ಸೊಂಟವನ್ನು ಗಟ್ಟಿಯಾಗಿ ಹಿಡಿಯುತ್ತಿತ್ತು.

ಕೊಡಲಿ ತಂದು ಬಾಗಿಲಿಗೆ ಹೊಡೆದರು. ಸಾಗವಾನಿಯ ಹಳೆಯ ಬಾಗಿಲು, ಕಬ್ಬಿಣದ ಪಟ್ಟಿ ಬಡಿದದ್ದು. ಕೊಡಲಿಯ ಕಾವು ಮುರಿಯಿತು. ಬೈದಾಡಿ, ಅಂಗಳದಲ್ಲಿದ್ದ ಹತ್ತಿಗೆ ಬೆಂಕಿ ಇಟ್ಟರು. ಓಣಿಯ ತುದಿಯಿಂದ ಅವರ ಕಡೆಯವನ ಸೀಟಿ ಕೇಳಿದ್ದೇ ಬೂಟಿನ ಸದ್ದು ದೂರವಾಯಿತು. ಬಾಗಿಲ ಸಂದಿಯಿಂದ ಹೊಗೆ ಒಳಗೆ ಬರತೊಡಗಿತು. ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟಿತು. ನಾವು ಬಾಗಿಲು ಬಡಿದೆವು. ಹೊರಗೆ ಏನೋ ತೆವಳಿದಂತೆ ಕೇಳಿಸಿತು, ಕಬ್ಬಿಣಕ್ಕೆ ಕಬ್ಬಿಣ ತಡವರಿಸಿತು, ಕೊನೆಗೂ ಕೀಲಿ ತಿರುಗಿತು.

ದೊಡ್ಡವ್ವನ ಬಲಗೈ ಕೈಯಾಗಿ ಉಳಿದಿರಲಿಲ್ಲ. ಬಾಯಿಂದ ರಕ್ತ ಇಳಿಯುತ್ತಿತ್ತು. ಎಡಹೆಗಲಿನ ಪಿನ್ನನ್ನು ಎಡಗೈಯಿಂದ ಬಿಚ್ಚಲಾಗದೆ ಕೀಲಿಕೈಯನ್ನು ಹಲ್ಲಿನಿಂದ ಕಚ್ಚಿ ಎಳೆದಿದ್ದಳು. ಕುಪ್ಪಸ, ತುಟಿ, ಹೆಗಲಿನ ತೊಗಲು ಎಲ್ಲ ಹರಿದಿತ್ತು.

"ಹೊರಗ ಬರ್ರಿ, ಹತ್ತಿ ಸುಡಾಕತ್ತೈತಿ" ಎಂದಳು, ಊಟಕ್ಕೆ ಕರೆದ ಹಾಗೆ.

ಆ ಕೈ ಮತ್ತೆ ಮಡಚಲಿಲ್ಲ. ಎರಡು ಬೆರಳು ಹೋದವು. ಅವಳು ಒಂದೇ ಕೈಯಲ್ಲಿ ರೊಟ್ಟಿ ಬಡಿಯಲು ಕಲಿತಳು. "ಈಗ ನಾನೂ ತದಮೂರಿನಾಕಿ ಆದೆ ನೋಡು" ಎಂದು ನನಗೆ ಕೈ ತೋರಿಸಿ ನಗುತ್ತಿದ್ದಳು. ನನಗೆ ನಗಲು ಆಗುತ್ತಿರಲಿಲ್ಲ.

ಮರುವರ್ಷದ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಗೋಡೆಗೊರಗಿಸಿ ಕೂರಿಸಿದ ಮೇಲೆ ಓಣಿಯ ಹಿರಿಯ ಹೆಂಗಸೊಬ್ಬಳು ಹೆಗಲಿನ ಪಿನ್ನಿಗೆ ಕೈಹಾಕಿದಳು. ಸೊಟ್ಟ ಹೆಗಲಿನ ನಮ್ಮಪ್ಪ ಕಂಬದ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಕಣ್ಣು ಮಂಜಾಗಿದ್ದ ಅಜ್ಜಿ ಮೂಲೆಯಿಂದ ತೆವಳಿಕೊಂಡು ಬಂದಳು.

"ಕೈ ತಗೀಯವಾ. ಒಮ್ಮಿ ಕಸಗೊಂಡದ್ದು ಸಾಕು."

ಕೀಲಿಕೈ ಹೆಗಲ ಮೇಲಿದ್ದಂತೆಯೇ ಅವಳನ್ನು ಮಣ್ಣು ಮಾಡಿದೆವು. ಖೋಲಿಯ ಕೀಲಿಯನ್ನು ಕಮ್ಮಾರನಿಂದ ಒಡೆಸಬೇಕಾಯಿತು. ಕೊಡಲಿಯ ಗಾಯಗಳಿದ್ದ ಆ ಬಾಗಿಲಿಗೆ ಅಪ್ಪ ಹೊಸ ಕೀಲಿ ತಂದು ಹಾಕಿ, ಅದರ ಕೀಲಿಕೈಯನ್ನು ಅಜ್ಜಿಯ ಮುಂದಿಟ್ಟ. ಅಜ್ಜಿ ಅದನ್ನು ಸೊಂಟಕ್ಕೆ ಸಿಗಿಸಿಕೊಳ್ಳಲಿಲ್ಲ. ನನ್ನನ್ನು ಹತ್ತಿರ ಕರೆದು, ದೊಡ್ಡವ್ವನ ಡಬ್ಬಿಯಿಂದ ಪಿನ್ನೊಂದನ್ನು ತೆಗೆದು, ಕೀಲಿಕೈಯನ್ನು ಅದಕ್ಕೆ ಪೋಣಿಸಿ ನನ್ನ ಹೆಗಲಿಗೆ ಚುಚ್ಚಿದಳು. ಕಣ್ಣು ಕಾಣದೆ ತೊಗಲಿಗೂ ಚುಚ್ಚಿದಳು. ನಾನು ಕದಲಲಿಲ್ಲ.