ರೈಲಿನ ದನಿ ಹಂಪಮ್ಮನದು

ಹಂಪಮ್ಮನವರೇ, ಆ ರೈಲಿನ ದನಿ ನಿಮ್ಮದೇ. ಯಂತ್ರದ್ದಲ್ಲ, ನನ್ನದಂತೂ ಅಲ್ಲವೇ ಅಲ್ಲ. ಏಳು ವರ್ಷ ನಾನು ಹೇಳಿಕೊಂಡು ತಿರುಗಿದ್ದು ಸುಳ್ಳು.

ರಜೆಗೆ ಮಕ್ಕಳನ್ನು ಅಜ್ಜಿಮನೆಗೆ ಕರೆದೊಯ್ಯುವ ರೈಲಿನ ಕಾರ್ಟೂನ್ ಸಿನಿಮಾ ಅದು. ಬಳ್ಳಾರಿಯ ಗಾಂಧಿನಗರದ ಮಹಡಿಯೊಂದರಲ್ಲಿ ನಾನು ಅದಕ್ಕೆ ಧ್ವನಿ ಕೂಡಿಸುತ್ತಿದ್ದೆ. ಕೆಳಗೆ ನೀವು ಜೀನ್ಸ್ ಹೊಲಿಯುತ್ತಿದ್ದಿರಿ. ಮೆಟ್ಟಿಲ ಮೇಲೆ ಯಾರನ್ನೋ ಗದರಿಸುತ್ತಿದ್ದ ನಿಮ್ಮ ದನಿ ಕೇಳಿ — ಆ ಗಡಸು, ಅದರೊಳಗಿನ ನಗು — ಊಟದ ಬಿಡುವಿನಲ್ಲಿ ಕರೆದು, ರೈಲಿನ ಮಾತು ಹೇಳಿಸಲು ಮೈಕಿನ ಮುಂದೆ ನಿಲ್ಲಿಸಿದೆ.

“ಹತ್ರಿ, ಲಗೂನ ಹತ್ರಿ. ಒಬ್ಬರನ್ನೂ ಬಿಟ್ಟು ಹೋಗಾಂಗಿಲ್ಲ ನಾನು.”

ಮೂರು ಮಧ್ಯಾಹ್ನಗಳಲ್ಲಿ ಮುಗಿಯಿತು. ಆಮೇಲೆ, ದನಿ ಹೊಂದಲಿಲ್ಲ, ತೆಗೆದುಬಿಟ್ಟೆವು ಅಂದೆ. “ಇರ್ಲಿ ಬಿಡ್ರಿ” ಎಂದು ಇಳಿದುಹೋದಿರಿ.

ಸಿನಿಮಾ ಓಡಿತು. ತೆರೆಮರೆಯ ಸ್ವಾರಸ್ಯ ಹೇಳಿ ಎಂದು ಹೋದಲ್ಲೆಲ್ಲ ಕೇಳಿದರು. ನನ್ನ ದನಿಯನ್ನೇ ಯಂತ್ರದಲ್ಲಿ ತಿರುಚಿದೆ ಅಂದೆ. ಚಪ್ಪಾಳೆ. ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಅಷ್ಟಕ್ಕೇ ನಿಂತಿದ್ದರೆ — ನಿಲ್ಲಲಿಲ್ಲ. ಕುರುಗೋಡಿನ ಮನೆಯ ಟಿವಿಯಲ್ಲಿ ನೀವು ನಿಮ್ಮ ದನಿ ಗುರುತಿಸಿದಿರಿ. ಮೊಮ್ಮಗಳು ನೀಲಾ ಸಾಲೆಯಲ್ಲಿ “ಆ ರೈಲು ನಮ್ಮಜ್ಜಿ” ಎಂದಳು. ಮಕ್ಕಳು ಸುಳ್ಳುಬುರುಕಿ ಎಂದು ಕಾಡಿದರು. ನೀವು ಅವಳ ಟೀಚರಿಂದ ನನಗೆ ಫೋನ್ ಮಾಡಿಸಿ, ಸ್ಪೀಕರ್ ಹಾಕಿಸಿ ನೀವೇ ಕೇಳಿದಿರಿ.

“ಸರ, ಖರೆ ಹೇಳ್ರಿ. ಕೂಸು ಇಲ್ಲೇ ನಿಂತೈತಿ.”

“ಇಲ್ಲಮ್ಮ, ಅದು ಯಂತ್ರದ ದನಿ.”

ಆಮೇಲೆ ಕೇಳಿಸಿದ್ದು ಮಗುವಿನ ಮಾತು: “ಅಜ್ಜಿ, ನನಗ್ಯಾಕ ಸುಳ್ಳು ಹೇಳಿದಿ?” ನಾನು ಫೋನ್ ಇಟ್ಟುಬಿಟ್ಟೆ.

ಹೆದರಿ ಹಾಗೆಂದೆನೇ? ಅಲ್ಲ — ಸೊಕ್ಕು. ಜೀನ್ಸ್ ಹೊಲಿಯುವ ಹೆಂಗಸಿನ ದನಿ ಎನ್ನುವುದಕ್ಕಿಂತ ನನ್ನ ಕೈಚಳಕ ಎಂದರೆ ನನಗೆ ಹೆಚ್ಚು ಮರ್ಯಾದೆ. ಥೂ, ಎಂಥ ಮರ್ಯಾದೆ.

ಹೋದ ವಾರ ಸಿರುಗುಪ್ಪದ ಸಾಲೆಯೊಂದರಲ್ಲಿ ಮತ್ತೆ ಅದೇ ಸುಳ್ಳು ಹೇಳಿದೆ. ಒಬ್ಬ ಹುಡುಗಿ ಎದ್ದು, “ಹಂಗಾರ ಒಮ್ಮೆ ಹಂಗ ಮಾತಾಡ್ರಿ ಸರ” ಅಂದಳು. ಬಾಯಿ ತೆರೆದೆ. ಆ ಗಡಸು, ಆ ನಗು ನನ್ನಲ್ಲೆಲ್ಲಿತ್ತು? ಮಕ್ಕಳು ಕಾಯುತ್ತಿದ್ದರು. ಕೊನೆಗೆ ನಿಮ್ಮ ಹೆಸರು ಹೇಳಿದೆ — ಮೊದಲ ಸಲ. ಹೇಳಿ ಹಗುರಾಗಲಿಲ್ಲ. ನನ್ನ ಮೇಲಿನ ಸಿಟ್ಟು ಇನ್ನೂ ಹೆಚ್ಚಾಯಿತು: ಇಷ್ಟು ಸುಲಭದ ಮಾತಿಗೆ ಏಳು ವರ್ಷ ಬೇಕಾಯಿತೇ?

ಬರುವ ಭಾನುವಾರ ಕುರುಗೋಡಿಗೆ ಬರುತ್ತೇನೆ, ನೀಲಾ ಮನೆಯಲ್ಲಿರುವ ಹೊತ್ತಿಗೆ. ನೀವು ಒಳಗೆ ಕರೆಯಬೇಕಾಗಿಲ್ಲ. ಹೊಸಲಿನಾಚೆ ನಿಂತು, ಅವಳಿಗೆ ಕೇಳುವಂತೆ ಹೇಳುತ್ತೇನೆ — “ಸುಳ್ಳು ಹೇಳಿದವನು ನಾನು, ನಿಮ್ಮಜ್ಜಿಯಲ್ಲ.”