ಮೊದಲ ಕಿವಿಗೊಡೋ ಡಬ್ಬಿ

ನಾ ಸಿಂಧನೂರಿನ ಅಕ್ಕಿ ಮಿಲ್ಲಿನ ಆಫೀಸಿನ್ಯಾಗ ಕಸ ಹೊಡೀತೀನಿ. ಮಸ್ಕಿಯ ಹುಡುಗಿಯೊಬ್ಬಾಕಿ ವೈಫೈ ಡಬ್ಬಿ ಕೂಡಿಸಿದಳು. ಅದು ಚಾಲೂ ಆಗಲಿಲ್ಲ.

"ಖರಾಬ್ ಮಾಲು! ಕಿತ್ಕೊಂಡು ನಡಿ," ಅಂದ ಸಾಹುಕಾರ.

"ಒಂದು ನಿಮಿಷ ತಡೀರಿ. ಮಳಿ ನೋಡೋ ರೇಡಾರ್ ಈ ಚಾನೆಲಿನ್ಯಾಗ, ಅಂದ್ರ ಗಾಳ್ಯಾಗಿನ ಇದ ದಾರ್ಯಾಗ, ಐತೇನಂತ ಡಬ್ಬಿ ಕಿವಿಗೊಟ್ಟು ಕೇಳಾಕತ್ತೈತಿ. ಇದ್ರ, ಬ್ಯಾರೆ ಚಾನೆಲ್ಲಿಗೆ ಹೋಗ್ತೈತಿ," ಅಂದಳು ಹುಡುಗಿ.

ಅಂವ ನಂಬಲಿಲ್ಲ, ವಾಯರಿಗೆ ಕೈ ಹಾಕಿದ. ನಾ ಕಸಬರಿಗಿ ಅಡ್ಡ ಹಿಡಿದೆ.

"ಸಾಹುಕಾರ್ರ, ನಾ ಸಂತ್ಯಾಗ ತಪ್ಪಲ ಪಲ್ಯ ಮಾರಿದಾಕಿ. ಬುಟ್ಟಿ ಹೊತ್ಕೊಂಡ ನಿಂತು, 'ಇಲ್ಲಿ ಯಾರರ ಕೂಡ್ತಾರೇನವ್ವಾ?' ಅಂತ ಕೇಳಿ, ಆಮ್ಯಾಲ ಚೀಲ ಹಾಸ್ತಿದ್ದೆ. ಹಳಬರು ಬಂದ್ರ ಎದ್ದು ಹೋಗ್ತಿದ್ದೆ. ಡಬ್ಬಿನೂ ಅದನ್ನ ಮಾಡಾಕತ್ತೈತಿ!"

ಅಷ್ಟರಾಗ ಹಸಿರು ದೀಪ ಹತ್ತಿತು.

"ಆಯಿ, ನಮಗ ಕಲಿಸಿದವರೂ ಇಷ್ಟು ಚಲೋ ಹೇಳಲಿಲ್ಲ," ಅಂದಳು ಹುಡುಗಿ. ನನ್ನ ಎದಿ ಉಬ್ಬಿತು.

ಈಗ ಸಾಹುಕಾರ ನನ್ನ ಕೇಳಿನ ಡಬ್ಬಿ ಮುಟ್ಟತಾನ. ಕಸ ಮಾತ್ರ ಕೇಳದ ಚೆಲ್ಲತಾನ.