ವಿಮಾನಕ್ಕೆ ಬೀಸಿದ ಕವಣೆ

ಆ ವಿಮಾನ ವಾರಕ್ಕೊಮ್ಮೆ ಬರುತ್ತಿತ್ತು. ಮುಂಬಯಿ ಕಡೆಯಿಂದ ಟಪಾಲು ಹೊತ್ತು ಮದ್ರಾಸಿಗೆ ಹೋಗುತ್ತದೆ ಎಂದು ಮೂಡಲಗಿ ಸಂತೆಯಲ್ಲಿ ಯಾರೋ ಹೇಳಿದ್ದರು. ಕುಲಗೋಡದ ನಮ್ಮ ಹೊಲದ ಮೇಲೆ, ಬಹಳ ಎತ್ತರದಲ್ಲಿ, ದುಂಬಿಯಂತೆ ಗುಂಯ್‌ಗುಟ್ಟುತ್ತ ದಾಟುತ್ತಿತ್ತು. ಹುಕ್ಕೇರಿಯಿಂದ ನಮ್ಮ ಮನೆಗೆ ಸೊಸೆಯಾಗಿ ಬಂದ ಚಿಗವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ನೋಡುತ್ತಿದ್ದಳು.

"ಅದರಾಗ ಕುಂತಾಂವಗ ಒಂದಕ್ಕ ಬಂದ್ರ ಎಲ್ಲಿ ಹೋಗ್ತಾನೋ! ನಮ್ಮ ಮ್ಯಾಲ ಬಿಡಬಾರದಪಾ."

"ಬಿಟ್ರ ಬಿಡಲಿ, ಜ್ವಾಳಕ್ಕರೆ ಹಸಿ ಆದೀತು," ಅನ್ನುತ್ತಿದ್ದ ಕಾಕಾ. ನನ್ನಪ್ಪನ ತಮ್ಮ ಅವನು, ಚಿಗವ್ವನ ಗಂಡ. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದ್ದೂ ಅವನೇ.

ಆಗ ನನಗೆ ಹತ್ತೊಂಬತ್ತೋ ಇಪ್ಪತ್ತೋ. ಶಾಲೆ ಮೂರನೆಯ ಇಯತ್ತೆಗೇ ಮುಗಿದಿತ್ತು. ಜೋಳಕ್ಕೆ ತೆನೆ ಬಂದಾಗ ಅಟ್ಟಣಿಗೆಯ ಮೇಲೆ ನಿಂತು ಹಕ್ಕಿ ಹೊಡೆಯುವುದು ನನ್ನ ಕೆಲಸ. ಕವಣೆಯನ್ನು ಪುಂಡಿ ನಾರಿನಿಂದ ನಾನೇ ಹೆಣೆದಿದ್ದೆ. ಬೆರಳಿಗೆ ಹಾಕುವ ಕುಣಿಕೆಗೆ ಚಿಗವ್ವನ ಹಳೆಯ ಸೀರೆಯ ಕೆಂಪು ಅಂಚು ಸುತ್ತಿದ್ದೆ. ಹಕ್ಕಿಗೆ ಯಾರೂ ಗುರಿ ಇಡುವುದಿಲ್ಲ. ರೆಕ್ಕೆ ಕಂಡರೆ ಕೈ ತಾನೇ ಏಳುತ್ತದೆ, ಬಾಯಿ ಹೋ ಅನ್ನುತ್ತದೆ. ದಿನಕ್ಕೆ ನೂರು ಸಲ.

ಅವತ್ತು ಮುಂಜಾನೆ ಅದು ಎತ್ತರದಲ್ಲಿ ಬರಲಿಲ್ಲ. ಸದ್ದೂ ಸರಿಯಿರಲಿಲ್ಲ. ಕೆಮ್ಮುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೆಮ್ಮುತ್ತಿತ್ತು. ನಾನು ಬಗ್ಗಿ ಕವಣೆಗೆ ಕಲ್ಲು ಇಡುತ್ತಿದ್ದೆ. ತೆನೆಗಳ ಮೇಲೆ ನೆರಳು ಹಾಯಿತು. ತಲೆ ಎತ್ತಿದರೆ ಬೇವಿನ ಮರದ ಎತ್ತರದಲ್ಲಿ ಒಂದರ ಮೇಲೊಂದು ಎರಡು ರೆಕ್ಕೆ. ಕೈ ಎದ್ದಿತು. ಬೀಸಿಬಿಟ್ಟೆ.

ಟಪ್ ಎಂದು ಸದ್ದಾಯಿತು, ಬಿಗಿದ ಡೊಳ್ಳಿಗೆ ಬೆರಳು ಬಡಿದಂತೆ. ಅದನ್ನು ಆಗ ಕೇಳಿದೆನೋ, ಆಮೇಲೆ ನಾನೇ ಹುಟ್ಟಿಸಿಕೊಂಡೆನೋ, ಈಗ ಹೇಳಲಾರೆ. ವಿಮಾನ ಒಂದು ಬದಿಗೆ ವಾಲಿತು. ಪಕ್ಕದ ಕಡಲೆ ಹೊಲಕ್ಕೆ ಇಳಿದು, ಗಾಲಿ ಬದುವಿಗೆ ಬಡಿದು, ಮೂಗು ಮಣ್ಣಿಗೆ ನೆಟ್ಟಿತು.

ಕಾಕಾ ಕುಡುಗೋಲು ಹಿಡಿದೇ ಓಡಿ ಬಂದ. ಒಳಗಿದ್ದವನು ಬಿಳಿಯ ಸಾಹೇಬ ಇರಬೇಕು ಅಂದುಕೊಂಡಿದ್ದೆವು. ಅಲ್ಲ. ನಮ್ಮದೇ ಮೈಬಣ್ಣ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ತೊಗಲಿನ ಟೊಪ್ಪಿಗೆ, ಅದರ ಮೇಲೆ ದೊಡ್ಡ ಕನ್ನಡಕ.

"ಲೇ, ನಮ್ಮಂವ ಅದಾನಲೇ! ಹಿಡಿ, ಹಿಡಿ. ಕಾಲು ಜ್ವಾಕಿ."

ಕಾಲು ಮುರಿದಿತ್ತು. ಎದೆಯಲ್ಲೂ ಏನೋ ಒಡೆದಿತ್ತು, ಕೆಮ್ಮಿದರೆ ರಕ್ತ ಬರುತ್ತಿತ್ತು. ಕಾಲು ಕಟ್ಟಲು ಬಟ್ಟೆ ಬೇಕಾಯಿತು. ಆ ವಿಮಾನದ ರೆಕ್ಕೆ ಎಂದರೆ ಕಟ್ಟಿಗೆಗೆ ಬಿಗಿದ ಬಟ್ಟೆ, ಅಷ್ಟೇ. ಕೆಳಗಿನ ರೆಕ್ಕೆಯಲ್ಲಿ ಒಂದು ತೂತಿತ್ತು. ನಾನು ನೋಡಿದೆ. ಕಾಕಾನೂ ನೋಡಿದ. ನನ್ನ ಕೈಯಲ್ಲಿದ್ದ ಕವಣೆಯನ್ನೂ ನೋಡಿದ. ಆ ತೂತು ಇದ್ದಲ್ಲೇ ಕುಡುಗೋಲು ಹಾಕಿ ಬಟ್ಟೆ ಸೀಳಿದ. ಬಣ್ಣ ಬಳಿದ ಬಿರುಸು ಬಟ್ಟೆ, ಔಷಧದಂಥ ವಾಸನೆ. ಅದರಲ್ಲೇ ಕಾಲು ಬಿಗಿದೆವು.

ಚಕ್ಕಡಿಗೆ ಹುಲ್ಲು ಹಾಸಿ ಘಟಪ್ರಭಾದ ದವಾಖಾನೆಗೆ ಹೊರಟೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಅವನು ಆಡುತ್ತಿದ್ದುದು ಹಿಂದಿ. ನನಗೆ ಬರದು. ಕಾಕಾಗೆ ಸಂತೆಯಲ್ಲಿ ಕಲಿತ ನಾಲ್ಕು ಮಾತು ಬರುತ್ತಿದ್ದವು.

"ಕಾಕಾ, ಕೇಳು. ಕಲ್ಲ ಬಡೀತೇನ ಅಂತ ಕೇಳು."

"ಬಾಯಿ ಮುಚ್ಚಲೇ."

"ಮೊದಲ ಕೆಟ್ಟಿತ್ತಲ್ಲ ಮಿಶಿನ್ನು? ಅದನ್ನರೆ ಕೇಳು."

"ನೀರ ಬೇಡಾಕತ್ತಾನ, ನೀರ ಕುಡಸು. ಸಾಯಾಂವನ ಮುಂದ ನಿನ್ನ ಪಂಚಾಯ್ತಿ ಹಚ್ಚಬ್ಯಾಡ."

ನೀರು ಕುಡಿಸಿದೆ. ಅವನು ಆಕಾಶ ನೋಡುತ್ತ ಮಲಗಿದ್ದ. ನನಗೆ ತಡೆಯಲಾಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಕವಣೆ ತೆಗೆದು ಅವನ ಮುಖದ ಮುಂದೆ ಹಿಡಿದೆ. ಮೇಲಕ್ಕೆ ಬೆರಳು ತೋರಿಸಿದೆ, ನನ್ನ ಎದೆ ಮುಟ್ಟಿಕೊಂಡೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಕೈ ಎತ್ತಿ ಕವಣೆ ಇಸಿದುಕೊಂಡ. ಕುಣಿಕೆಯನ್ನು ಬೆರಳಿಗೆ ಹಾಕಿಕೊಂಡ, ಹಾಕಬೇಕಾದ ಬೆರಳಿಗೇ. ಅವನ ಊರಿನಲ್ಲೂ ಹಕ್ಕಿ ಹೊಡೆಯುತ್ತಾರೋ ಏನೋ. ಮೆಲ್ಲಗೆ ಒಂದು ಮಾತು ಅಂದ.

"ಏನಂದ, ಕಾಕಾ?"

"ಯಾಂವ ಬಲ್ಲ. ಗಾಲಿ ಸಪ್ಪಳದಾಗ ಕೇಳಲಿಲ್ಲ."

ಸ್ಟೇಷನ್ನಿನ ಹೊಗೆ ಕಾಣುವ ಹೊತ್ತಿಗೆ ಆ ಕೈ ತಣ್ಣಗಾಗಿತ್ತು.

ದವಾಖಾನೆಯ ಕಂಪೌಂಡರ್ ಅವನ ಸಾಮಾನು ಗಂಟು ಕಟ್ಟಿದರು. ಟೊಪ್ಪಿಗೆ, ಕನ್ನಡಕ, ಗಡಿಯಾರ. ಬೆರಳು ಬಿಡಿಸಿ ಕವಣೆ ತೆಗೆದರು.

"ಇದೇನಪಾ? ನಿಮ್ಮದೇನು?"

ನಾನು ಬಾಯಿ ತೆರೆದೆ. ಕಾಕಾ ನನ್ನ ಕಾಲು ತುಳಿದ.

"ಇಲ್ರಿ, ಅವರದರಿ. ಬಿಡವಲ್ರು ನೋಡ್ರಿ ಕೈಯಾಗಿಂದ."

"ಇಮಾನದಾಗ ಕವಣಿ ಎದಕ್ಕ?"

"ಏನ್ ಗೊತ್ತರಿ. ಮ್ಯಾಲ ಹದ್ದು ಅಡ್ಡ ಬರ್ತಿರಬೇಕ."

ಕಂಪೌಂಡರ್ ಅದನ್ನೂ ಗಂಟಿಗೆ ಹಾಕಿದರು. ಕಿಸೆಯಲ್ಲಿದ್ದ ಕಾಗದ ನೋಡಿ, ಎಲ್ಲ ಇವರ ತಾಯಿಗೆ ಹೋಗುತ್ತದೆ ಅಂದರು.

ತಿರುಗಿ ಬರುವಾಗ ಕಾಕಾ ಎತ್ತಿನ ಬಾಲದ ಕಡೆ ನೋಡುತ್ತ ಹೇಳಿದ, "ನಿನ್ನ ಜೇಲಿಗೆ ಹಾಕಿದ್ರ ಸತ್ತ ನಿಮ್ಮಪ್ಪಗ ಏನ್ ಹೇಳ್ಲಿ ನಾ?"

ಮರುದಿನ ಕಾಕಾನ ಕವಣೆ ಹಿಡಿದು ಅಟ್ಟಣಿಗೆ ಹತ್ತಿದೆ. ಗುಬ್ಬಿ ಹಿಂಡು ಇಳಿಯಿತು. ಕೈ ಏಳಲಿಲ್ಲ. ಎರಡು ದಿನ ನೋಡಿ ಕಾಕಾ ತಾನೇ ಹತ್ತಿದ. ನಾನು ಗೋಕಾಕ ಫಾಲ್ಸಿನ ನೂಲಿನ ಮಿಲ್ಲಿಗೆ ಬಂದೆ. ಪಗಾರಕ್ಕೆ ಬಂದೆ ಅಂತ ಊರವರು ತಿಳಿದಿದ್ದಾರೆ. ಇಲ್ಲಿ ಒಳಗೆ ಯಂತ್ರದ ಸದ್ದು, ಹೊರಗೆ ನೀರಿನ ಸದ್ದು, ಮೇಲೆ ಏನು ಹೋದರೂ ಕೇಳುವುದಿಲ್ಲ. ಆದರೂ ವಾರಕ್ಕೊಂದು ಮುಂಜಾನೆ, ನೂಲು ಹಿಡಿದ ಬೆರಳಿಗೆ ಕುಣಿಕೆ ಬಿಗಿದಂತಾಗುತ್ತದೆ.

ಆ ತಾಯಿ ಕವಣೆಯನ್ನು ಮಗನದೆಂದೇ ಗೂಟಕ್ಕೆ ತೂಗುಹಾಕಿರಬೇಕು. ಬಂದವರಿಗೆ ತೋರಿಸುತ್ತಿರಬೇಕು. ಅದು ನನ್ನದು ಎಂದು ಬರೆಯಬೇಕು, ಆಕೆಯ ವಿಳಾಸ ಬೇಕು ಎಂದು ಎರಡು ಸಲ ಘಟಪ್ರಭಾಕ್ಕೆ ಹೋದೆ. ಎರಡು ಸಲವೂ ದವಾಖಾನೆಯ ಮೆಟ್ಟಿಲ ತನಕ ಹೋಗಿ ತಿರುಗಿ ಬಂದೆ.